ಕೃಷಿಹೊಂಡದಲ್ಲಿ ಮೀನುಮರಿ ಮಾಯ ಆಗ್ತಿದ್ಯಾ? ಕೊರಮೀನು, ಕ್ಯಾಟ್‌ಫಿಶ್ ಹಿಡಿಯೋದು ಹೀಗೆ

ನಮ್ಮಕ್ಕನ ಮಗ ಜಿಗಣಿ ಆಚೆ ಎರಡು ಎಕರೆಯಲ್ಲಿ ಟೊಮೆಟೊ, ಬೀನ್ಸ್ ಬೆಳೀತಾನೆ. ಹೋದ ಜುಲೈನಲ್ಲಿ ತನ್ನ ಕೃಷಿಹೊಂಡಕ್ಕೆ 400 ಮೀನುಮರಿ ಬಿಟ್ಟಿದ್ದ. ಕಾಟ್ಲಾ, ರೋಹು, ಮೃಗಾಲ್ ಮೂರೂ ಸೇರಿ. ದಿನಾ ಬೆಳಿಗ್ಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿದ. ಜನವರಿಯಲ್ಲಿ ಬಲೆ ಎಳೆಸಿದ್ರೆ ಸಿಕ್ಕಿದ್ದು 36. ಒಂದು ಸತ್ತ ಮೀನೂ ಯಾವತ್ತೂ ತೇಲಿರಲಿಲ್ಲ. ಪಕ್ಕದ ಹೊಲದವರು ‘ರಾತ್ರಿ ಯಾರೋ ಬಲೆ ಬೀಸಿರಬೇಕು’ ಅಂದ್ರು. ಇನ್ನೊಬ್ಬರು ‘ಕೊಕ್ಕರೆ ತಿಂದಿರುತ್ತೆ’ ಅಂದ್ರು.

ಭಾನುವಾರ ನಾನು ಹೋದಾಗ ಅವನ ಕೈಯಲ್ಲಿ ಟೊಮೆಟೊಗೆ ಹೊಡೆಯೋ ಕೀಟನಾಶಕದ ಬಾಟಲಿ ಇತ್ತು.

‘ಏನೋ ಇದು?’

‘ಹೊಂಡಕ್ಕೆ ಸುರಿದುಬಿಡ್ತೀನಿ ಮಾಮ. ಒಳಗೆ ಏನೋ ದೊಡ್ಡದು ಸೇರ್ಕೊಂಡಿದೆ. ಎಲ್ಲಾ ಸತ್ತುಹೋಗ್ಲಿ, ಆಮೇಲೆ ಹೊಸದಾಗಿ ಮರಿ ಬಿಡ್ತೀನಿ.’

ಅದೇ ಹೊಂಡದ ನೀರು ಪಂಪಿನಲ್ಲಿ ದನದ ತೊಟ್ಟಿಗೆ ಹೋಗುತ್ತೆ. ಮನೇಲಿ ಎರಡು ಹಸು, ಒಂದು ಕರು. ಬಾಟಲಿ ಕಿತ್ತಿಟ್ಟು, ‘ನಾಲ್ಕು ದಿನ ಟೈಮ್ ಕೊಡು’ ಅಂದೆ. ಆ ನಾಲ್ಕು ದಿನದಲ್ಲಿ ಏಳು ಕೊರಮೀನು, ಎರಡು ಆಫ್ರಿಕನ್ ಕ್ಯಾಟ್‌ಫಿಶ್ ಹಿಡಿದ್ವಿ. ದೊಡ್ಡ ಕ್ಯಾಟ್‌ಫಿಶ್ಶಿನ ಹೊಟ್ಟೆ ಕುಯ್ದಾಗ ಒಳಗೆ ಅರ್ಧ ಕರಗಿದ ರೋಹು ಸಿಕ್ತು. ಕೊಕ್ಕರೆ ಪಾಪ, ಅದರ ತಪ್ಪಿಲ್ಲ.

ಮುಂಗಾರು ಹತ್ತಿರ ಬಂತು. ಇನ್ನೇನು ಹೊಂಡ ತುಂಬುತ್ತೆ, ಎಲ್ಲರೂ ಮರಿ ಹುಡುಕಿಕೊಂಡು ಓಡಾಡ್ತೀರಿ. ಮರಿ ಬಿಡೋಕೆ ಮುಂಚೆ ಒಳಗೆ ಯಾರಿದ್ದಾರೆ ನೋಡಿ, ಇದ್ದರೆ ಹಿಡಿದು ಹೊರಗೆ ಹಾಕಿ. ಹೇಗೆ ಅನ್ನೋದೇ ಈ ವಾರದ ಲೇಖನ.

ನಾನು ಕಲಿತದ್ದು ಎಲ್ಲಿ

ನಮ್ಮದು ಬೊಮ್ಮನಹಳ್ಳಿ. ಈಗ ಅಲ್ಲಿ ಕೃಷಿ ಅಂದ್ರೆ ತಾರಸಿ ಮೇಲಿನ ಕರಿಬೇವಿನ ಕುಂಡ ಅಷ್ಟೇ. 2007ರಲ್ಲಿ ಬೊಮ್ಮನಹಳ್ಳಿ ನಗರಸಭೆ ಬಿಬಿಎಂಪಿಗೆ ಸೇರಿತು. ಅದಕ್ಕೂ ಮುಂಚೆಯೇ ರಾಗಿ ಹೊಲಗಳು ಸೈಟುಗಳಾಗೋಕೆ ಶುರುವಾಗಿದ್ವು. ಆದ್ರೆ ಸುತ್ತ ಕೆರೆಗಳಿದ್ವು. ಬೇಗೂರು, ಹುಳಿಮಾವು, ಅರಕೆರೆ, ಮಡಿವಾಳ, ಸಾರಕ್ಕಿ ಹೀಗೆ. ‘ಬೆಂಗಳೂರು’ ಅನ್ನೋ ಹೆಸರಿರುವ ಸುಮಾರು ಕ್ರಿ.ಶ. 890ರ ಶಾಸನ ಸಿಕ್ಕಿದ್ದು ಇದೇ ಬೇಗೂರಿನಲ್ಲಿ. ನಮಗೆ ಆಗ ಶಾಸನ ಗೊತ್ತಿರಲಿಲ್ಲ, ಕೆರೆ ಗೊತ್ತಿತ್ತು. ನಮ್ಮ ಬೀದಿಯ ಒಬ್ಬ ಅಜ್ಜ ಶನಿವಾರ ಸಂಜೆ ಬಿದಿರು ಕಡ್ಡಿ ಹಿಡಿದು ಕೆರೆ ಏರಿಗೆ ಹೊರಟರೆ ನಾವು ಮೂರು ಹುಡುಗರು ಹಿಂದೆ.

ಅಜ್ಜ ಹೋದ ತಕ್ಷಣ ಗಾಳ ಹಾಕ್ತಿರಲಿಲ್ಲ. ಬೀಡಿ ಹಚ್ಚಿ ಸುಮ್ಮನೆ ನೀರು ನೋಡ್ತಾ ಕೂರೋರು. ನಮಗೆ ಬೇಜಾರು. ‘ತಾತ, ಯಾವಾಗ ಹಾಕೋದು?’ ಅಂದ್ರೆ, ‘ಅದು ಉಸಿರಾಡೋಕೆ ಬರುತ್ತೆ ಇರ್ರೋ’ ಅನ್ನೋರು. ಆ ಮಾತಿನ ಅರ್ಥ ನನಗೆ ಆಗಿದ್ದು ಎಷ್ಟೋ ವರ್ಷ ಆದಮೇಲೆ.

ಕಳ್ಳ ಯಾರು? ಮೊದಲು ಗುರುತು ಹಿಡಿಯಿರಿ

ನಮ್ಮ ಹೊಂಡ, ಕೆರೆಗಳಲ್ಲಿ ಮೀನು ತಿನ್ನೋ ಮೀನು ಮುಖ್ಯವಾಗಿ ಎರಡು ಜಾತಿ.

ಒಂದು ಕೊರಮೀನು. ಕೊರವ ಅಂತಲೂ ಅಂತಾರೆ. ತೆಲುಗಿನವರಿಗೆ ಕೊರ್ರಮೀನು, ತಮಿಳಿನವರಿಗೆ ವಿರಾಲ್, ಮಾರ್ಕೆಟ್ಟಿನಲ್ಲಿ ಮರಲ್. ಹಾವಿನ ಹಾಗೆ ಚಪ್ಪಟೆ ತಲೆ, ತಲೆ ಮೇಲೆ ದೊಡ್ಡ ಹುರುಪೆ, ಬೆನ್ನುದ್ದಕ್ಕೂ ಒಂದೇ ಉದ್ದನೆ ರೆಕ್ಕೆ, ಬಾಯಿ ತುಂಬ ಹಲ್ಲು. ಮೀಸೆ ಇರಲ್ಲ. ತೆಲಂಗಾಣ ಇದನ್ನೇ ತನ್ನ ರಾಜ್ಯ ಮೀನು ಮಾಡಿಕೊಂಡಿದೆ, ಅಲ್ಲಿ ಇದಕ್ಕೆ ಅಷ್ಟು ಬೇಡಿಕೆ. ಇದು ನಮ್ಮ ನೆಲದ್ದೇ ಮೀನು. ಕೆರೆಯಲ್ಲಿದ್ದರೆ ಚೆನ್ನ, ನಿಮ್ಮ ಕಾಟ್ಲಾ ಮರಿ ಹೊಂಡದಲ್ಲಿದ್ದರೆ ನಷ್ಟ.

ಇನ್ನೊಂದು ಕ್ಯಾಟ್‌ಫಿಶ್ ಗುಂಪು. ಮೈಮೇಲೆ ಹುರುಪೆ ಇಲ್ಲ, ನುಣುಪು ಚರ್ಮ, ಬಾಯಿ ಸುತ್ತ ಎಂಟು ಮೀಸೆ. ಇದರಲ್ಲೂ ಮೂರು ಬೇರೆ ಬೇರೆ ಇದಾವೆ, ಸರಿಯಾಗಿ ನೋಡಿ. ಚೇಳು ಮೀನು ತೆಳ್ಳಗೆ, ಕಂದುಗಪ್ಪು ಬಣ್ಣ, ಬೆನ್ನಿನ ರೆಕ್ಕೆ ಬೆರಳುಗುರಿನಷ್ಟು ಚಿಕ್ಕದು. ನಾಟಿ ಮಾಗುರ್‌ಗೆ ಬೆನ್ನಿನ ರೆಕ್ಕೆ ಉದ್ದ, ಆದ್ರೆ ಮೀನು ಮೊಳದುದ್ದ ದಾಟೋದು ಅಪರೂಪ. ಮೂರನೆಯದು ಆಫ್ರಿಕನ್ ಕ್ಯಾಟ್‌ಫಿಶ್. ದೊಡ್ಡ ಅಗಲ ತಲೆ, ಬೂದುಬಣ್ಣದ ಮೈಮೇಲೆ ಮೋಡ ಮೋಡವಾಗಿ ಮಚ್ಚೆ, ಬಿಟ್ಟರೆ ಒಂದು ಮೀಟರ್ ದಾಟಿ ಬೆಳೆಯುತ್ತೆ. ಕೆ.ಜಿ.ಗಟ್ಟಲೆ ತೂಗೋ ಮೀಸೆ ಮೀನು ನಿಮ್ಮ ಹೊಂಡದಲ್ಲಿ ಸಿಕ್ಕರೆ ಬಹುಪಾಲು ಅದೇ. ಅನುಮಾನ ಇದ್ರೆ ತಲೆಯನ್ನು ಮೇಲಿನಿಂದ ಒಂದು ಫೋಟೋ, ಪಕ್ಕದಿಂದ ಒಂದು ಫೋಟೋ ತೆಗೆದು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯವರಿಗೆ ತೋರಿಸಿ.

ಈ ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದು ದೇಶದಲ್ಲಿ ನಿಷೇಧ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ವಿರುದ್ಧ ಆದೇಶ ಕೊಟ್ಟಿದೆ. ಆದರೂ ಬೆಂಗಳೂರು ಸುತ್ತಮುತ್ತ ಕೋಳಿ ಅಂಗಡಿ ತ್ಯಾಜ್ಯ ತಿನ್ನಿಸಿ ಕದ್ದುಮುಚ್ಚಿ ಸಾಕೋರು ಇದ್ದಾರೆ. ಮಳೆಗೆ ಅಂಥ ಗುಂಡಿ ಒಡೆದರೆ ಮೀನು ಎಲ್ಲಿಗೆ ಹೋಗುತ್ತೆ? ಕಾಲುವೆಗೆ, ಕಾಲುವೆಯಿಂದ ಕೆರೆಗೆ.

ದೊಡ್ಡ ಜಲಾಶಯ, ನದಿ ಕಡೆಯವರಿಗೆ ಬಾಳೆ ಮೀನು ಗೊತ್ತಿರುತ್ತೆ. ಅದೂ ಹೊಟ್ಟೆಬಾಕ, ಆದ್ರೆ ಕೃಷಿಹೊಂಡದಲ್ಲಿ ಸಾಮಾನ್ಯವಾಗಿ ಅದರ ಕಾಟ ಇಲ್ಲ. ಇವತ್ತಿಗೆ ಬಿಡೋಣ.

ಉಸಿರೇ ಅದರ ದೌರ್ಬಲ್ಯ

ಕಾಟ್ಲಾ, ರೋಹು ಕಿವಿರಿನಲ್ಲಿ ನೀರೊಳಗಿನ ಆಮ್ಲಜನಕ ತಗೊಂಡು ಬದುಕುತ್ತವೆ. ಕೊರಮೀನಿಗೆ ಅಷ್ಟು ಸಾಲಲ್ಲ. ಅದರ ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ ಗಾಳಿ ತುಂಬಿಕೊಳ್ಳೋ ಗೂಡಿದೆ. ಆಗಾಗ ಮೇಲೆ ಬಂದು ಬಾಯಿತುಂಬ ಗಾಳಿ ನುಂಗಿ ಹೋಗಲೇಬೇಕು. ಮೇಲೆ ಬರೋಕೆ ಬಿಡದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತೆ. ಚೇಳು ಮೀನು, ಮಾಗುರ್, ಆಫ್ರಿಕನ್ ಕ್ಯಾಟ್‌ಫಿಶ್‌ಗೂ ಹೀಗೇ ಗಾಳಿ ಕುಡಿಯೋ ಅಂಗ ಇದೆ.

ಅಜ್ಜ ಕಾಯ್ತಾ ಇದ್ದಿದ್ದು ಇದನ್ನೇ. ನೀರು ಎಷ್ಟೇ ಕೆಸರಾಗಿರಲಿ, ಅದು ಎಲ್ಲಿದೆ ಅಂತ ತಾನೇ ಬಂದು ಹೇಳುತ್ತೆ.

ಗಾಳಿ ಇಲ್ಲದ ಬೆಳಿಗ್ಗೆ, ಆರು ಗಂಟೆಗೆ ಹೊಂಡದ ಬದುವಿನ ಮೇಲೆ ಕೂತ್ಕೊಳ್ಳಿ. ಮೇವು ಹಾಕಬೇಡಿ. ಓಡಾಡಬೇಡಿ, ನೆಲದ ಅದುರು ಅದಕ್ಕೆ ಗೊತ್ತಾಗುತ್ತೆ. ಕೊರಮೀನು ಬಂದರೆ ಮೆಲ್ಲಗೆ ಮೂತಿ ತೋರಿಸಿ ‘ಗುಳುಂ’ ಅಂತ ಮುಳುಗುತ್ತೆ, ಒಂದು ದುಂಡನೆ ಅಲೆ ಉಳಿಯುತ್ತೆ. ಕ್ಯಾಟ್‌ಫಿಶ್ ತಳದಿಂದ ಬಾಣದ ಹಾಗೆ ಬಂದು, ಬಾಲ ಬೀಸಿ ನೀರು ಚಿಮ್ಮಿಸಿ ವಾಪಸ್ ಹೋಗುತ್ತೆ.

ನಿಮ್ಮ ಫೋನು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತೆ. ಒಂದು ಕೋಲಿಗೆ ಫೋನ್ ಕಟ್ಟಿ ಇಡೀ ಹೊಂಡ ಕಾಣೋ ಹಾಗೆ ಇಪ್ಪತ್ತು ನಿಮಿಷ ವಿಡಿಯೋ ಮಾಡಿ. ಮನೆಗೆ ಬಂದು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ನೋಡಿ. ಅಲೆ ಎದ್ದ ಜಾಗಗಳನ್ನು ಕಾಗದದ ಮೇಲೆ ಚುಕ್ಕಿ ಇಡ್ತಾ ಹೋಗಿ. ನಾವು ಹಾಗೆ ಮಾಡಿದಾಗ ಚುಕ್ಕಿಗಳೆಲ್ಲ ಎರಡೇ ಕಡೆ ಗುಂಪಾದ್ವು: ಪಂಪಿನ ಪೈಪ್ ಇಳಿಯೋ ಮೂಲೆ, ಇನ್ನೊಂದು ನೀರು ಒಳಗೆ ಬೀಳೋ ಬಾಯಿ. ಉಳಿದ ಹೊಂಡದಲ್ಲಿ ಗಾಳ ಹಾಕಿದ್ರೆ ದಿನವೆಲ್ಲ ಕೂತಿದ್ರೂ ವೇಸ್ಟ್ ಆಗ್ತಿತ್ತು.

ಒಂದು ಎಚ್ಚರ. ಬೆಳಗಿನ ಜಾವ ಹೊಂಡದ ತುಂಬ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಾ ನಿಂತಿದ್ರೆ ಅದು ಕೊರಮೀನಲ್ಲ. ನಿಮ್ಮ ಕಾಟ್ಲಾ, ರೋಹುಗಳಿಗೇ ಆಮ್ಲಜನಕ ಸಾಲ್ತಿಲ್ಲ ಅಂತ ಅರ್ಥ. ತಕ್ಷಣ ಪಂಪ್ ಹಾಕಿ ಅದೇ ನೀರನ್ನು ಎತ್ತರದಿಂದ ಹೊಂಡಕ್ಕೆ ಬೀಳಿಸಿ, ಆವತ್ತು ಮೇವು ನಿಲ್ಲಿಸಿ.

ಕೊರಮೀನಿಗೆ ಗಾಳ

ಕೊರಮೀನು ಕಣ್ಣಿನಿಂದ ಬೇಟೆ ಆಡೋದು. ನೆರಳಿನಲ್ಲಿ, ಕಳೆಗಿಡದ ಕೆಳಗೆ ಅಲ್ಲಾಡದೆ ಹೊಂಚು ಹಾಕಿರುತ್ತೆ. ಮುಂದೆ ಏನಾದ್ರೂ ಓಡಾಡಿದ್ರೆ ‘ಚಪಕ್’ ಅಂತ ಹಾರುತ್ತೆ. ಹಾಗಾಗಿ ಅದಕ್ಕೆ ಬೇಕಿರೋದು ವಾಸನೆ ಅಲ್ಲ, ಅಲ್ಲಾಡೋ ತಿಂಡಿ. ಹೊತ್ತು: ಬೆಳಿಗ್ಗೆ ಬಿಸಿಲೇರೋ ತನಕ, ಸಂಜೆ ಐದರಿಂದ ಕತ್ತಲಾಗೋ ತನಕ. ಒಂದು ಮಳೆ ಬಂದು ನಿಂತ ಸಂಜೆ ಅಂತೂ ಬಿಡಲೇಬೇಡಿ. ಮಳೆ ಯಾವಾಗ ಅಂತ ನೋಡೋಕೆ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಹೇಗೂ ನಿಮ್ಮ ಹತ್ರ ಇರುತ್ತೆ.

ನೆರಳಿಲ್ಲದ ಪ್ಲಾಸ್ಟಿಕ್ ಹೊಂಡದಲ್ಲಿ ಏನು ಮಾಡೋದು? ನೀವೇ ನೆರಳು ಮಾಡಿ. ನಾವು ನಾಲ್ಕು ತೆಂಗಿನ ಗರಿ ಜೋಡಿಸಿ ಕಟ್ಟಿ, ಚುಕ್ಕಿ ಹೆಚ್ಚಿದ್ದ ಮೂಲೆಯಲ್ಲಿ ತೇಲಿಬಿಟ್ವಿ. ಎರಡನೇ ದಿನಕ್ಕೆ ಅದರ ಅಂಚಿನಲ್ಲೇ ಗುಳುಂ ಗುಳುಂ ಶುರುವಾಯ್ತು. ಏಳರಲ್ಲಿ ಐದು ಮೀನು ಸಿಕ್ಕಿದ್ದು ಆ ಗರಿಗಳ ಒಂದು ಮಾರು ಸುತ್ತಳತೆಯಲ್ಲೇ.

ಸಾಮಾನು ದುಬಾರಿಯದ್ದು ಬೇಡ. 0.40 ಮಿ.ಮೀ. ನೈಲಾನ್ ದಾರ, 1/0ರಿಂದ 3/0 ನಂಬರಿನ ಗಾಳ, ಒಂದು ಬೆಂಡು. ಬೆಂಡಿನಿಂದ ಗಾಳಕ್ಕೆ ಗೇಣುದ್ದ ದಾರ ಸಾಕು, ಯಾಕಂದ್ರೆ ಕೊರಮೀನು ಮೇಲೆ ನೋಡ್ತಾ ಇರುತ್ತೆ. ಎರೆಹುಳು ನಾಲ್ಕೈದು ಒಟ್ಟಿಗೆ ಚುಚ್ಚಿ, ಅಥವಾ ಹೊಂಡದಲ್ಲೇ ಸಿಗೋ ಸಣ್ಣ ಜಿಲೇಬಿ ಮರಿ ಬೆನ್ನಿಗೆ ಗಾಳ ಚುಚ್ಚಿ ಬಿಡಿ. ಬೆಂಡು ಮುಳುಗಿದ ತಕ್ಷಣ ಎಳೆದರೆ ಕೈಗೆ ಬರೀ ದಾರ ಬರುತ್ತೆ. ಅದು ಮೊದಲು ಅಡ್ಡಡ್ಡ ಕಚ್ಚಿ, ಆಮೇಲೆ ತಿರುಗಿಸಿಕೊಂಡು ನುಂಗೋದು. ಬೆಂಡು ಪಕ್ಕಕ್ಕೆ ಜಾರಿಕೊಂಡು ಹೋಗ್ತಾ ಇದೆ ಅನ್ನೋವಾಗ ಎಳೀರಿ.

ಕೆಲವರು ಜೀವಂತ ಕಪ್ಪೆ ಚುಚ್ತಾರೆ. ಬೇಡ. ಹೊಲದ ಹುಳು ತಿಂದು ನಿಮ್ಮ ಔಷಧಿ ಖರ್ಚು ಉಳಿಸೋ ಜೀವ ಅದು. ಆನ್‌ಲೈನಿನಲ್ಲಿ ರಬ್ಬರ್ ಕಪ್ಪೆ ಸಿಗುತ್ತೆ, ಗಾಳ ಅದರ ಬೆನ್ನಿಗೆ ಅಂಟಿಕೊಂಡಿರೋದರಿಂದ ಕಳೆಗೆ ಸಿಕ್ಕಿಹಾಕಿಕೊಳ್ಳಲ್ಲ. ಎಸೆದು, ನಿಲ್ಲಿಸಿ ನಿಲ್ಲಿಸಿ ನೀರಿನ ಮೇಲೆ ಎಳ್ಕೊಳ್ತಾ ಬನ್ನಿ. ನೀರು ಒಡೆದ ಸದ್ದಿಗೆ ಎಳೀಬೇಡಿ. ಕೈಗೆ ಭಾರ ಸಿಕ್ಕ ಮೇಲೆ ಎಳೀರಿ. ಅಕ್ಕನ ಮಗ ಮೊದಲ ದಿನ ಮೂರು ಸಲ ಸದ್ದಿಗೇ ಎಳೆದು ಮೂರೂ ಕಳ್ಕೊಂಡ. ನಾನು ಏನೂ ಹೇಳಲಿಲ್ಲ, ನಾನೂ ಹಾಗೇ ಕಲಿತವನು.

ಪ್ಲಾಸ್ಟಿಕ್ ಹಾಸಿದ ಹೊಂಡ ಇರೋರು ಇದನ್ನು ಎರಡು ಸಲ ಓದಿ: ಗಾಳ ಹಾಳೆಗೆ ಸಿಕ್ಕಿಹಾಕಿಕೊಂಡರೆ ಹರಿಯುತ್ತೆ. ಒಂದು ತೂತಿನಿಂದ ಬೇಸಿಗೆಯ ನೀರೆಲ್ಲ ಇಂಗಿ ಹೋಗಬಹುದು, ಆಮೇಲೆ ಮೀನಿನ ಲೆಕ್ಕ ಯಾರಿಗೆ ಬೇಕು? ಗಾಳದ ಹಿಂದುಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಇಳಿಜಾರಿನ ಹತ್ತಿರ ಗಾಳ ತಳ ಮುಟ್ಟದ ಹಾಗೆ ಬೆಂಡು ಕಟ್ಟಿ.

ಕ್ಯಾಟ್‌ಫಿಶ್‌ಗೆ ರಾತ್ರಿ, ಅದಕ್ಕೆ ವಾಸನೆ

ಇದರ ಲೆಕ್ಕ ಪೂರ್ತಿ ಉಲ್ಟಾ. ಕಣ್ಣಿಗಿಂತ ಮೀಸೆ ನಂಬೋ ಮೀನು, ತಳದಲ್ಲಿ ತಡಕಾಡ್ತಾ ಹೋಗುತ್ತೆ, ರಾತ್ರಿ ಚುರುಕು. ಕೋಳಿ ಕರುಳು, ಕೋಳಿ ಲಿವರ್, ಎರಡು ದಿನದ ಹಳೇ ಮೀನಿನ ತುಂಡು ಯಾವುದಾದ್ರೂ ಆಗುತ್ತೆ, ನಾರಬೇಕು ಅಷ್ಟೇ. ಲಿವರ್ ಮೆತ್ತಗಿರೋದ್ರಿಂದ ಹೊಲಿಗೆ ದಾರದಲ್ಲಿ ಗಾಳಕ್ಕೆ ಸುತ್ತಿ ಕಟ್ಟಿ. ಸೀಸದ ಗುಂಡು ಹಾಕಿ ತಳದ ಹತ್ತಿರ ಇಳಿಸಿ.

ನಿದ್ದೆಗೆಡೋಕೆ ಆಗದವರು ಸಂಜೆ ಏಳಕ್ಕೆ ಐದಾರು ದಾರ ಹಾಕಿ ಬದುವಿನ ಮೇಲೆ ಗೂಟಕ್ಕೆ ಕಟ್ಟಿ ಬೆಳಿಗ್ಗೆ ನೋಡಬಹುದು. ಗೂಟ ಹಾಳೆ ದಾಟಿ ಆಚೆ ಮಣ್ಣಿನಲ್ಲಿರಲಿ. ದಾರ ದಪ್ಪಗಿರಲಿ, ದೊಡ್ಡ ಕ್ಯಾಟ್‌ಫಿಶ್ ಮೈ ತಿರುಚಿ ತಿರುಚಿ ತೆಳು ದಾರ ಕಡಿದುಹಾಕುತ್ತೆ. ನಮಗೆ ಸಿಕ್ಕ ಎರಡೂ ಈ ಗೂಟದ ದಾರಕ್ಕೇ ಬಿದ್ದಿದ್ದು, ಒಂದು ಮೂರನೇ ರಾತ್ರಿ, ಒಂದು ನಾಲ್ಕನೇ ರಾತ್ರಿ.

ಬಿಡಿಸುವಾಗ ಬರಿಗೈ ಬೇಡ. ಪಕ್ಕದ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳಿದೆ, ಚೇಳು ಮೀನಿನದ್ದಂತೂ ವಿಷದ ಮುಳ್ಳು, ಹೆಸರೇ ಹೇಳುತ್ತಲ್ಲ. ಗೋಣಿಚೀಲ ಹಾಕಿ ಒತ್ತಿ ಹಿಡಿದು ಇಕ್ಕಳದಲ್ಲಿ ಗಾಳ ತೆಗೀರಿ. ಚುಚ್ಚಿದರೆ ಸುಡದ ಹಾಗೆ, ತಡೆಯುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಕೈ ಇಡಿ, ನೋವು ಇಳಿಯುತ್ತೆ. ಆಮೇಲೆ ಡಾಕ್ಟರ್ ಹತ್ರ ಹೋಗಿ, ಧನುರ್ವಾಯು ಇಂಜೆಕ್ಷನ್ ಆಗಿದ್ಯಾ ಕೇಳ್ತಾರೆ.

ಬಲೆ ಯಾಕೆ ಸಾಲಲ್ಲ

‘ಬೀಸುಬಲೆ ಬೀಸಿದ್ರೆ ಆಯ್ತಲ್ಲ’ ಅಂತ ಕೇಳಬಹುದು. ಜನವರಿಯಲ್ಲಿ ಬಲೆ ಎಳೆದಿದ್ದರಲ್ಲ, ಆಗ ಒಂದು ಕೊರಮೀನೂ ಸಿಕ್ಕಿರಲಿಲ್ಲ. ಮಣ್ಣಿನ ಹೊಂಡದಲ್ಲಿ ಅದು ತಳದ ಕೆಸರಿಗೆ ತಲೆ ತೂರಿಸಿ ಬಲೆಯನ್ನು ಮೇಲೆ ಹೋಗೋಕೆ ಬಿಡುತ್ತೆ. ಪ್ಲಾಸ್ಟಿಕ್ ಹೊಂಡದಲ್ಲಿ ಬಲೆಯ ಮೇಲೆ ಹಾರಿ ಆಚೆ ಬೀಳುತ್ತೆ. ನೀರು ಮೊಣಕಾಲು ಮಟ್ಟಕ್ಕೆ ಇಳಿದಾಗ ಮಾತ್ರ ಬಲೆ ನಿಮ್ಮ ಕೈ ಹಿಡಿಯುತ್ತೆ. ರಾತ್ರಿ ನಿಲ್ಲಿಸಿಡೋ ಬಲೆಯಲ್ಲಿ ಕೊರಮೀನು ಸಿಕ್ಕರೆ ಮೇಲೆ ಬರಲಾಗದೆ ಸತ್ತಿರುತ್ತೆ. ಸತ್ತ ಕೊರಮೀನಿಗೆ ಅರ್ಧ ಬೆಲೆಯೂ ಇಲ್ಲ. ಹಾಗಾಗಿ ಅಂಥ ಬಲೆ ಹಾಕಿದ್ರೆ ಗಂಟೆಗೊಮ್ಮೆ ಎತ್ತಿ ನೋಡಿ.

ಮಲೆನಾಡಿನವರ ಕೂಣಿ ಇದಕ್ಕಿಂತ ಜಾಣ ಉಪಾಯ. ಒಳಗೆ ಹೋದ ಮೀನು ಹೊರಗೆ ಬರದ ಹಾಗೆ ಹೆಣೆದ ಬಿದಿರಿನ ಬುಟ್ಟಿ. ಮಳೆ ನೀರು ಹೊಂಡಕ್ಕೆ ಬೀಳೋ ಕಾಲುವೆಯ ಬಾಯಿಗೆ ಅದನ್ನು ಇಟ್ಟರೆ ಕೊರಮೀನು ಹೊಂಡ ಸೇರೋಕೆ ಮುಂಚೆಯೇ ಸಿಕ್ಕಿಬೀಳುತ್ತೆ.

ಪ್ರಾಣಕ್ಕಿಂತ ಮೀನು ದೊಡ್ಡದಲ್ಲ

2014-15ರಲ್ಲಿ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ಊರೂರಲ್ಲೂ ಪ್ಲಾಸ್ಟಿಕ್ ಹೊಂಡಗಳಾದ್ವು. ಅದರ ಜೊತೆಗೆ ಹೊಂಡಕ್ಕೆ ಬಿದ್ದು ಸತ್ತವರ ಸುದ್ದಿಯೂ ಶುರುವಾಯ್ತು, ಎಷ್ಟೋ ಸಲ ಒಬ್ಬರನ್ನು ಎತ್ತೋಕೆ ಹೋದ ಇನ್ನೊಬ್ಬರೂ ಸೇರಿ. ಆ ಹಾಳೆ ಪಾಚಿ ಹಿಡಿದ ಮೇಲೆ ಸೋಪಿನ ಹಾಗೆ. ಈಜು ಬಂದವನೂ ಮೇಲೆ ಹತ್ತೋಕೆ ಆಗಲ್ಲ, ಹಿಡ್ಕೊಳ್ಳೋಕೆ ಏನೂ ಇರಲ್ಲ.

ಮೀನು ಹಿಡಿಯೋ ಹುಮ್ಮಸ್ಸಿನಲ್ಲಿ ಕಾಲು ಜಾರೋದು ಇನ್ನೂ ಸುಲಭ. ಅದಕ್ಕೆ ನಾಲ್ಕೂ ಮೂಲೆಯಲ್ಲಿ ಗಂಟು ಗಂಟು ಹಾಕಿದ ದಪ್ಪ ಹಗ್ಗ ನೀರಿನ ತನಕ ಇಳಿಬಿಡಿ, ಮೇಲ್ತುದಿ ಗಟ್ಟಿ ಗೂಟಕ್ಕೆ ಕಟ್ಟಿ. ಗಾಳಿ ತುಂಬಿದ ಹಳೇ ಟ್ಯೂಬ್ ಒಂದು ದಂಡೆಯಲ್ಲಿರಲಿ. ಒಬ್ಬರೇ ಹೋಗಬೇಡಿ, ರಾತ್ರಿಯಂತೂ ಬೇಡವೇ ಬೇಡ. ಬೀಸುಬಲೆಯ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳೋ ಅಭ್ಯಾಸ ಕೆರೆಯವರಿಗೆ ಇರುತ್ತೆ, ಪ್ಲಾಸ್ಟಿಕ್ ಹೊಂಡದ ಅಂಚಿನಲ್ಲಿ ಆ ಅಭ್ಯಾಸ ಬಿಡಿ. ದಾರ ಕೈಗೆ ಸುತ್ತಿಕೊಳ್ಳಬೇಡಿ. ಮೀನು ಹೋದ್ರೆ ಹೋಗ್ಲಿ.

ಹಿಡಿದ ಮೇಲೆ

ಕೊರಮೀನನ್ನು ಜೀವಂತ ಮಾರಿ. ಐಸ್ ಬೇಡ. ಮುಚ್ಚಳಕ್ಕೆ ತೂತು ಮಾಡಿದ ಡ್ರಮ್ಮಿನಲ್ಲಿ ಮೈ ನೆನೆಯುವಷ್ಟು ನೀರು ಸಾಕು, ಕಂಠಪೂರ್ತಿ ತುಂಬಬೇಡಿ, ಉಸಿರಿಗೆ ಮೇಲೆ ಜಾಗ ಬೇಕು. ಮುಚ್ಚಳದ ಮೇಲೆ ಕಲ್ಲಿಡಿ, ಹಾರೋದರಲ್ಲಿ ಅದು ಎತ್ತಿದ ಕೈ. ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಕಾಟ್ಲಾಗೆ ಸಿಗೋದಕ್ಕಿಂತ ಸಾಮಾನ್ಯವಾಗಿ ಎರಡು ಪಟ್ಟಿನ ಹತ್ತಿರ ಸಿಗುತ್ತೆ. ಅಕ್ಕನ ಮಗ ಏಳರಲ್ಲಿ ಆರು ಮಾರಿದ. ಬಂದ ದುಡ್ಡಿಗೆ ಮುಂದಿನ ಸಲದ ಮರಿ ಖರ್ಚು ಹೊರಟಿತು. ಏಳನೆಯದು ಅಕ್ಕನ ಕೈಲಿ ಹುಳಿ ಆಯ್ತು.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯದಲ್ಲಿ ಮರುಕ ಬೇಡ. ಜೀವಂತ ಯಾರಿಗೂ ಕೊಡಬೇಡಿ, ಕೆರೆಗೋ ಕಾಲುವೆಗೋ ಅಂತೂ ಬಿಡಲೇಬೇಡಿ. ಕೊಂದು, ಸುಣ್ಣ ಹಾಕಿ ಹೂಳಿ. ನಾಟಿ ಮಾಗುರ್ ಸಿಕ್ಕರೆ ಮಾತ್ರ ಬೇರೆ ಮಾತು. ಅದು ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು. ಊರ ಕೆರೆಗೆ ವಾಪಸ್ ಬಿಟ್ಟರೆ ಪುಣ್ಯ.

ಮಳೆಗಾಲದಲ್ಲಿ ಕೆಲವರಿಗೆ ಇನ್ನೊಂದು ದೃಶ್ಯ ಕಾಣುತ್ತೆ. ಕೆಂಪು ಕೆಂಪು ಸಣ್ಣ ಮರಿಗಳ ಒಂದು ಗುಂಪು ನೀರಿನ ಮೇಲೆ ಕುದಿಯೋ ಹಾಗೆ ಪುಟಪುಟ ಅನ್ನುತ್ತೆ. ಅದು ಕೊರಮೀನಿನ ಸಂಸಾರ. ಅಪ್ಪ ಅಮ್ಮ ಕೆಳಗೇ ಕಾವಲಿರುತ್ತವೆ, ಹತ್ತಿರ ಏನು ಬಂದರೂ ಕಚ್ಚುತ್ತವೆ. ನಿಮ್ಮ ಕಾಟ್ಲಾ ಹೊಂಡದಲ್ಲಾದರೆ ಕೈಬಲೆಯಲ್ಲಿ ಅಷ್ಟನ್ನೂ ಬಾಚಿ ತೆಗೀರಿ, ಆಮೇಲೆ ರಬ್ಬರ್ ಕಪ್ಪೆ ಹಾಕಿದ್ರೆ ದೊಡ್ಡವೂ ಸಿಗುತ್ತವೆ. ಕೊರಮೀನು ಸಾಕೋರು ಪರಿಚಯ ಇದ್ದರೆ ಆ ಮರಿ ಅವರಿಗೆ ಕೊಡಿ. ಆದ್ರೆ ಕೆರೆಯಲ್ಲಿ ಈ ಗುಂಪು ಕಂಡರೆ ಗಾಳ ಹಾಕದೆ ಬನ್ನಿ. ಕಾವಲಿನವರನ್ನು ಹಿಡಿದರೆ ಆ ಮರಿಗಳನ್ನು ಉಳಿದ ಮೀನುಗಳು ಮುಗಿಸಿಬಿಡುತ್ತವೆ.

ಕೆರೆ ಅಂದಮೇಲೆ ಇದನ್ನೂ ಹೇಳಿಬಿಡ್ತೀನಿ. ಊರ ಕೆರೆಯ ಮೀನಿನ ಹಕ್ಕು ಟೆಂಡರ್ ಆಗಿದ್ದರೆ ಅಲ್ಲಿನ ಮೀನು ಅವರದ್ದು, ಕೇಳದೆ ಗಾಳ ಹಾಕಿದ್ರೆ ಜಗಳ. ಸಿಡಿಮದ್ದು, ವಿಷ, ಕರೆಂಟ್ ಇವಕ್ಕೆ ಕೈ ಹಾಕಬೇಡಿ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೇ ಇದೆ. ನಮ್ಮ ಬೊಮ್ಮನಹಳ್ಳಿ ಸುತ್ತಿನ ಕೆರೆಗಳಲ್ಲಿ ಒಳಚರಂಡಿ ನೀರು ಸೇರೋ ಕಡೆ ಹಿಡಿದ ಮೀನನ್ನು ನಾನು ಮನೆಗೆ ತರಲ್ಲ, ಆ ನೀರಿನ ಮೀನನ್ನು ಹೊಂಡಕ್ಕೂ ಬಿಡಲ್ಲ. ಇನ್ನು ಕಾವೇರಿ ಕಡೆ ಹೋಗಿ ಬಿಳಿಮೀನು ಹಿಡಿದ ರೀಲ್ಸ್ ನೋಡಿ ಆಸೆ ಪಡೋರಿಗೆ: ಅಲ್ಲಿನ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಜಾಗತಿಕವಾಗಿ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಅದರ ತಂಟೆಗೆ ಹೋಗಬೇಡಿ.

ಮತ್ತೆ ಒಳಗೆ ಬರದ ಹಾಗೆ

ಅವನ ಹೊಂಡಕ್ಕೆ ಕಳ್ಳರು ಬಂದಿದ್ದು ಎರಡು ದಾರಿಯಲ್ಲಿ. ಕೊರಮೀನು ಮೇಲಿನ ಕಟ್ಟೆಯ ಕೋಡಿ ನೀರಿನ ಜೊತೆ ಕಾಲುವೆಯಲ್ಲಿ ಬಂದಿರಬೇಕು, ಒಳಬಾಯಿಗೆ ಜಾಲರಿಯೇ ಇರಲಿಲ್ಲ. ಕ್ಯಾಟ್‌ಫಿಶ್ ಬಂದಿದ್ದು ಬೈಕಿನಲ್ಲಿ ಕವರ್ ತಂದು ಮಾರಿದ ಅಗ್ಗದ ಮರಿಗಳ ಜೊತೆ, ಅನ್ನೋದು ನನ್ನ ಅನುಮಾನ. ಮರಿ ಕೊಳ್ಳುವಾಗ ಒಂದು ಬಿಳಿ ಬೇಸಿನ್ ತಗೊಂಡು ಹೋಗಿ. ಅದರಲ್ಲಿ ಎರಡು ಬೊಗಸೆ ಮರಿ ಹಾಕಿ ನೋಡಿದ್ರೆ ಮೀಸೆಯವು ಎದ್ದು ಕಾಣುತ್ತವೆ. ಇಲಾಖೆಯ ಮೀನುಮರಿ ಕೇಂದ್ರದಲ್ಲೇ ಕೊಂಡರೆ ಇನ್ನೂ ನಿಶ್ಚಿಂತೆ. ಬೆಂಗಳೂರು ಸುತ್ತಿನವರು ಹೆಸರಘಟ್ಟದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಬಹುದು.

ಗಾಳಕ್ಕೆ ಸಿಗದೆ ಉಳಿದವಕ್ಕೆ ಇಪ್ಪೆ ಹಿಂಡಿ. ಕೀಟನಾಶಕದ ಬದಲು ಇರೋ ಹಳೇ, ಒಳ್ಳೇ ದಾರಿ ಇದು. 1,000 ಲೀಟರ್ ನೀರಿಗೆ 250 ಗ್ರಾಂ ಲೆಕ್ಕ. 21 ಮೀಟರ್ ಚೌಕದ, 3 ಮೀಟರ್ ಆಳದ ಇಳಿಜಾರು ಹೊಂಡದಲ್ಲಿ ನೀರನ್ನು 1 ಮೀಟರಿಗೆ ಇಳಿಸಿದ್ರೆ ಸುಮಾರು ಎರಡೂವರೆ ಲಕ್ಷ ಲೀಟರ್ ಇರುತ್ತೆ, ಅಂದ್ರೆ 64 ಕೆ.ಜಿ. ಹಿಂಡಿ. ತುಂಬಿದ ಹೊಂಡಕ್ಕೆ ಹಾಕೋಕೆ ಹೋದ್ರೆ ಇದರ ನಾಲ್ಕು ಪಟ್ಟು ಬೇಕು, ಅದಕ್ಕೇ ಬೇಸಿಗೆಯ ಕೊನೆಯಲ್ಲಿ ಮಾಡಿ. ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಹೊಂಡದ ತುಂಬ ಎರಚಿ. ಅದರಲ್ಲಿನ ಸಪೋನಿನ್ ಮೀನಿನ ರಕ್ತಕ್ಕೆ ವಿಷ, ಒಳಗಿರೋ ಎಲ್ಲಾ ಮೀನೂ ಸಾಯುತ್ತೆ ಅನ್ನೋದು ನೆನಪಿರಲಿ, ಉಳಿಸಬೇಕಾದ್ದನ್ನು ಮೊದಲೇ ತೆಗೀರಿ. ಎರಡರಿಂದ ಮೂರು ವಾರದಲ್ಲಿ ವಿಷ ಹೋಗಿ ಗೊಬ್ಬರ ಆಗುತ್ತೆ. ಅಲ್ಲಿ ತನಕ ಆ ನೀರನ್ನು ದನದ ತೊಟ್ಟಿಗೆ ಬಿಡಬೇಡಿ. ಆಮೇಲೂ ಹತ್ತು ಮರಿಗಳನ್ನು ಒಂದು ಬಲೆ ಚೀಲದಲ್ಲಿ ಎರಡು ದಿನ ನೀರಿನಲ್ಲಿಟ್ಟು, ಬದುಕಿದ್ರೆ ಮಾತ್ರ ಉಳಿದದ್ದು ಬಿಡಿ.

ಬಿಡುವಾಗ ಮರಿ ಬೆರಳುದ್ದಕ್ಕಿಂತ ದೊಡ್ಡದಿರಲಿ, ನಾಲ್ಕು ಇಂಚು ಇದ್ದರೆ ಉತ್ತಮ. ಅಷ್ಟು ದೊಡ್ಡದನ್ನು ಉಳಿದುಕೊಂಡ ಸಣ್ಣ ಕೊರಮೀನು ನುಂಗಲಾರದು. ಹೊಂಡದ ತುಂಬ ಜಿಲೇಬಿ ಮರಿ ಹಾಕಿ ಹಾಕಿ ಕಾಟ ಕೊಡ್ತಿದ್ರೆ ಮಾತ್ರ, ಕಾಟ್ಲಾ ಅರ್ಧ ಕೆ.ಜಿ. ದಾಟಿದ ಮೇಲೆ ಬೇಕಂತಲೇ ಕೆಲವು ಸಣ್ಣ ಕೊರಮೀನು ಬಿಡೋರೂ ಇದ್ದಾರೆ. ಕಳ್ಳನಿಗೇ ಕಾವಲು ಕೊಟ್ಟ ಹಾಗೆ, ಆದ್ರೆ ಕೆಲಸ ಆಗುತ್ತೆ.

ಅಕ್ಕನ ಮಗ ಈಗ ಒಳಬಾಯಿಗೆ ಎರಡು ಪದರ ನೈಲಾನ್ ಜಾಲರಿ ಕಟ್ಟಿದ್ದಾನೆ. ಹಗ್ಗ, ಟ್ಯೂಬ್ ಎರಡೂ ಬಂದಿವೆ. ಮೊನ್ನೆ ಬೆಳಿಗ್ಗೆ ಇಪ್ಪತ್ತು ನಿಮಿಷದ ಒಂದು ವಿಡಿಯೋ ಕಳಿಸಿ, ‘ನೋಡಿ ಹೇಳು ಮಾಮ’ ಅಂದ. ಪೂರ್ತಿ ನೋಡಿದೆ. ಹದಿನಾಲ್ಕನೇ ನಿಮಿಷದಲ್ಲಿ, ಪಂಪಿನ ಮೂಲೆಯಲ್ಲಿ, ಒಂದು ದುಂಡನೆ ಅಲೆ. ಗರಿ ತೇಲಿಬಿಡು, ಭಾನುವಾರ ಬರ್ತೀನಿ ಅಂತ ಮೆಸೇಜ್ ಹಾಕಿದ್ದೀನಿ.